ಗಾಳಿ ಕೈಬಿಟ್ಟ ಗಳಿಗೆ

ಉಗಾರ ಖುರ್ದದ ಮೇಲೆ, ನಾಲ್ಕು ಸಾವಿರ ಅಡಿ ಎತ್ತರದಲ್ಲಿ, ಪುಟ್ಟ ತರಬೇತಿ ವಿಮಾನ ನಿಂತೇ ಬಿಟ್ಟಂತಿತ್ತು. ಎದುರುಗಾಳಿ ಅಷ್ಟು ಜೋರು. ಕೆಳಗೆ ಕೃಷ್ಣೆಯನ್ನೂ ಕಬ್ಬಿನ ಹೊಲಗಳನ್ನೂ ಮುಂಜಾನೆಯ ಮಂಜು ನುಂಗಿತ್ತು. ಮಂಜಿನಿಂದ ತಲೆ ಎತ್ತಿದ್ದ ಸಕ್ಕರೆ ಕಾರ್ಖಾನೆಯ ಒಂದೇ ಒಂದು ಚಿಮಣಿ ಎಷ್ಟು ಹೊತ್ತಾದರೂ ರೆಕ್ಕೆಯ ಪಕ್ಕದಿಂದ ಸರಿಯುತ್ತಿರಲಿಲ್ಲ.

ಬಲಗಡೆ ಕೂತಿದ್ದ ಜಿನೇಂದ್ರ, ಎಡಗಡೆ ಕೂತು ವಿಮಾನ ಹಾರಿಸುತ್ತಿದ್ದ ರೂಪಾಲಿಗೆ ಹಾರಾಟ ಕಲಿಸುವ ಗುರು, ಪಾಲಬಾವಿಯ ದ್ರಾಕ್ಷಿ ತೋಟದವರ ಮಗ. ಕಣ್ಣಂಚಿನಲ್ಲಿ ಅವಳನ್ನು ನೋಡುವುದು, ಅವಳು ತಿರುಗಿದರೆ ಮೀಟರಿನ ಮುಳ್ಳು ನೋಡುತ್ತಿದ್ದವನಂತೆ ನಟಿಸುವುದು ಅವನ ಚಾಳಿ. ಆ ಕಳ್ಳನೋಟಕ್ಕೆಂದೇ ಅವಳು ದಿನಾ ಜಡೆ ಎರಡು ಸಲ ಹೆಣೆದು ಬರುತ್ತಿದ್ದಳು. ಆದರೆ ತಿಂಗಳ ಹಿಂದೆ ಒಬ್ಬನೇ ಹಾರುವಾಗ ಅವನ ವಿಮಾನ ಇದೇ ನದಿಯ ಮೇಲೆ ಉರುಳಿ, ನೀರಿಗೆ ಇನ್ನು ಇನ್ನೂರೇ ಅಡಿ ಎನ್ನುವಾಗ ಅವನು ಬದುಕಿ ಬಂದಿದ್ದ. ಅವನಲ್ಲಿ ಏನೋ ಒಂದು ಅಲ್ಲೇ ಉಳಿದುಹೋಗಿದೆ ಎಂದು ಅವಳಿಗೆ ಆಗಿನಿಂದ ಭಯ.

ಇವತ್ತಿನ ಪಾಠ ಸ್ಟಾಲ್. ಎಂಜಿನ್ ಕೆಡುವುದಲ್ಲ ಅದು ಎಂದು ಅವನೇ ಕಲಿಸಿದ್ದ. ಮೂತಿಯನ್ನು ಮಿತಿಮೀರಿ ಎತ್ತಿದರೆ ರೆಕ್ಕೆಯ ಬೆನ್ನಿಗೆ ಅಂಟಿ ಹರಿಯುವ ಗಾಳಿ ಕಿತ್ತುಕೊಂಡು ಚದುರುತ್ತದೆ, ವಿಮಾನ ಬೀಳುತ್ತದೆ. ಬೀಳುವಾಗ ಯಾರಾದರೂ ಮೂತಿ ಏರಲೆಂದು ಹಿಡಿಕೆಯನ್ನು ಎದೆಗೆ ಎಳೆದುಕೊಳ್ಳುವವರೇ. ಬದುಕಬೇಕೆಂದರೆ ಅದನ್ನು ಮುಂದಕ್ಕೊತ್ತಿ ನೆಲದ ಕಡೆಗೇ ಮೂತಿ ಇಳಿಸಬೇಕು.

ರೂಪಾಲಿ ವೇಗ ತಗ್ಗಿಸಿ ಮೂತಿ ಎತ್ತಿದಳು. ರೆಕ್ಕೆಯಲ್ಲಿನ ಎಚ್ಚರಿಕೆಯ ಪೀಪಿ ಸಣ್ಣಗೆ ಅಳತೊಡಗಿತು. ಅದಕ್ಕೆ ಕರೆಂಟಿಲ್ಲ, ಗಾಳಿಯೇ ಅದನ್ನು ನುಡಿಸುತ್ತದೆ. ಹೊರಗಿನ ಬಾಕಿ ಸದ್ದೆಲ್ಲ ಅಡಗಿತು. ಯಾರೋ ಕಿವಿಯ ಹತ್ತಿರ ಉಸಿರು ಬಿಗಿಹಿಡಿದು ನಿಂತಂತಾಯಿತು.

ಎಡರೆಕ್ಕೆ ಕುಸಿಯಿತು. ಕಿಟಕಿಯ ತುಂಬ ಮಂಜು ಗಿರಗಿರ ಸುತ್ತಿತು. ಹಿಡಿಕೆ ಮುಂದೆ ಹೋಗಲೊಲ್ಲದು. ನೋಡಿದರೆ ಜಿನೇಂದ್ರ, ಅವಳದರ ಜೊತೆಗೇ ಚಲಿಸುವ ತನ್ನ ಕಡೆಯ ಹಿಡಿಕೆಯನ್ನು ಎರಡೂ ಕೈಯಲ್ಲಿ ಎದೆಗೆ ಎಳೆದು ಹಿಡಿದಿದ್ದ. ಕಣ್ಣು ತೆರೆದೇ ಇದ್ದವು, ಅವಳನ್ನು ಕಾಣುತ್ತಿರಲಿಲ್ಲ.

“ನೀರ ಬಂತು,” ಎಂದ, ಮಂದ ದನಿಯಲ್ಲಿ.

“ಎಳೀಬ್ಯಾಡ್ರಿ. ಬಿಡ್ರಿ. ನಾ ಅದೀನಿ.”

ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹೆಣದ ಬೆರಳಿನಷ್ಟು ತಣ್ಣಗಿದ್ದವು.

ಹಿಡಿಕೆ ಮುಂದಕ್ಕೆ ಒತ್ತಿದರೂ ಸುತ್ತುವುದು ನಿಲ್ಲಲಿಲ್ಲ. ಆಗ ಅವಳ ಕಾಲಿಗೆ ಅಪ್ಪನ ಟ್ರ್ಯಾಕ್ಟರ್ ನೆನಪಾಯಿತು. ಎರಡು ಟ್ರೇಲರ್ ಕಬ್ಬು ಹೇರಿ ಏರು ಹತ್ತುವಾಗ ಮುಂದಿನ ಗಾಲಿ ನೆಲ ಬಿಡುತ್ತವೆ. ಸ್ಟಿಯರಿಂಗ್ ತಿರುಗಿಸಿ ಉಪಯೋಗವಿಲ್ಲ, ಎಡಬಲದ ಬ್ರೇಕನ್ನು ಬೇರೆ ಬೇರೆ ತುಳಿದೇ ದಾರಿ ಹಿಡಿಯಬೇಕು. ಕಬ್ಬು ಸಾಗಿಸುವ ಮನೆಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ವಿಮಾನ ಎಡಕ್ಕೆ ಸುತ್ತುತ್ತಿತ್ತು; ಹಿಡಿಕೆಯನ್ನು ಅತ್ತಿತ್ತ ಹೊರಳಿಸದೆ, ಬಾಲದ ಚುಕ್ಕಾಣಿ ತಿರುಗಿಸುವ ಬಲಗಾಲಿನ ಪೆಡಲ್ ತುಳಿದಳು. ಸುತ್ತು ನಿಂತಿತು, ರೆಕ್ಕೆಗೆ ಗಾಳಿ ಮತ್ತೆ ಹತ್ತಿತು.

ಮಂಜು ಕರಗಿದ ಮೇಲೆ ಅವಳೇ ವಿಮಾನವನ್ನು ನೆಲಕ್ಕಿಳಿಸಿದಳು. ಬಾಗಿಲು ತೆಗೆಯುವ ಮೊದಲೇ ಜಿನೇಂದ್ರ, ತಾನಿನ್ನು ಯಾರಿಗೂ ಕಲಿಸುವುದಿಲ್ಲ, ನಾಳೆಯಿಂದ ಅವಳಿಗೆ ಬೇರೆಯವರು ಬರುತ್ತಾರೆ ಎಂದ. ಇವನನ್ನು ಆ ನದಿಗೆ ಬಿಟ್ಟುಕೊಡಲು ರೂಪಾಲಿ ಸಿದ್ಧಳಿರಲಿಲ್ಲ.

“ಹಂಗಾದ್ರ ನಾಳಿಂದ ನಿಮಗ ಸರ್ ಅನ್ನಂಗಿಲ್ಲ ನಾ.”

“ಹೆಸರ ಹಿಡದ ಕರಿ.”

“ಅದೂ ಆಗೂದಿಲ್ರಿ. ಮನಿಯವರ ಹೆಸರ ಹೇಳಬಾರದಂತ ನಮ್ಮವ್ವ ಕಲಿಸ್ಯಾಳ.”

ಅರ್ಥವಾಗಲು ಜಿನೇಂದ್ರನಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ, ಒಂದು ತಿಂಗಳಿಂದ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅವನು ಅವಳ ಮುಂದೆ ಅತ್ತುಬಿಟ್ಟ.