ಕಂಟೂರು ಯಾವೂರು?

“ಏನ್ಲೇ ಇದು, ಒಲೆ ಒಳಗೆ ಮುಖ ಇಟ್ಟಿದ್ಯಾ?”

ದೀಪಿಕಾ ಹಾಗಂದದ್ದೇ ತಡ, ಐದನೇ ಕ್ಲಾಸ್ ಪೂರಾ ಗೊಳ್ಳೆಂದು ನಕ್ಕಿತು. ಬೆಂಚಿನ ಮೇಲೆ ಕೂತಿದ್ದ ಮೋನಿಕಾ ಕೈಗನ್ನಡಿ ಎತ್ತಿ ನೋಡಿಕೊಂಡಳು. ಎರಡೂ ಕೆನ್ನೆ ತುಂಬ ಕಂದು ಪುಡಿ. ನಾಟಕದಲ್ಲಿ ತೊಂಬತ್ತು ವರ್ಷದ ಮುದುಕಿಯಾಗಬೇಕಿದ್ದವಳು ಸೀದುಹೋದ ಬನ್ನಿನ ಹಾಗೆ ಕಾಣುತ್ತಿದ್ದಳು.

ಪುಡಿ ಹಚ್ಚಿದವಳು ಅವಳ ಗೆಳತಿ ಭಾನುಪ್ರಿಯಾ. ಅವಳ ಕೈಯಲ್ಲಿ ಚಿಕ್ಕಮ್ಮನ ಬ್ರಷ್ಷು ಇನ್ನೂ ಹಾಗೇ ಇತ್ತು. ನರಿಯ ಬಾಲದಷ್ಟು ದಪ್ಪ.

“ಮೊಬೈಲಲ್ಲಿ ಹಿಂಗೇ ತೋರಿಸಿದ್ರು ಸಾರ್,” ಎಂದಳು ಭಾನು ಮೆಲ್ಲಗೆ. “ಕಂಟೂರ್ ಅಂತ. ಕಪ್ಪಗೆ ಹಚ್ಚಿದ ಕಡೆ ಕೆನ್ನೆ ಒಳಗೆ ಹೋದಂಗೆ ಕಾಣ್ತದಂತೆ.”

ಷಡಕ್ಷರಿ ಮೇಷ್ಟ್ರು ತಲೆ ಕೆರೆದುಕೊಂಡರು. ಶನಿವಾರ ಕುಣಿಗಲ್‌ನಲ್ಲಿ ನಾಟಕ ಸ್ಪರ್ಧೆ. ಗುಬ್ಬಿಯಿಂದ ಇವರ ಶಾಲೆಯೊಂದೇ ಹೋಗುವುದು. ಕಾಡಿನ ಮುದುಕಿಯ ಮಾತನ್ನು ಮೋನಿಕಾ ಹೇಳಿದರೆ ಕೇಳಿದವರ ಮೈ ಜುಮ್ಮೆನ್ನುತ್ತಿತ್ತು. ಆದರೆ ಮುಖ ಮಾತ್ರ ಉಬ್ಬಿದ ಪೂರಿ.

“ನೋಡ್ರಮ್ಮ, ಉಪವಾಸ ಇರೋ ಮುದುಕಿ ಇಷ್ಟು ಗುಂಡಗಿದ್ರೆ ಜನ ನಗ್ತಾರೆ. ಗುರುವಾರದೊಳಗೆ ಸರಿ ಮಾಡಿ. ಆಗ್ಲಿಲ್ಲ ಅಂದ್ರೆ ಪಾರ್ಟು ದೀಪಿಕಾಗೆ. ಅವಳ ಮುಖ ಸಣ್ಣಕ್ಕಿದೆ.”

ಮೋನಿಕಾ ಅಳಲಿಲ್ಲ. ಅಳು ನುಂಗಿಕೊಂಡಳು. ಅದನ್ನು ನೋಡಿ ಭಾನುವಿಗೇ ಅಳು ಬಂತು.

ಮನೆಗೆ ಬಂದರೆ ಅಜ್ಜಿ ಹೊಂಬಾಳಮ್ಮ ಜಗುಲಿಯ ಮೇಲೆ ಟೀ ಲೋಟ ಹಿಡಿದು ಕೂತಿತ್ತು.

“ಯಾಕವ್ವ, ಮಕ ಹಿಂಗ್ ಬಾಡೈತೆ?”

“ಕಂಟೂರು ಬರ್ತಿಲ್ಲ ಅಜ್ಜಿ.”

“ಕಂಟೂರಾ? ಯಾವೂರೇ ಅದು? ಯಡಿಯೂರು ಗೊತ್ತು. ಕಂಟೂರು ಯಾವ್ ಕಡೆ ಬರ್ತದೆ? ಬಸ್ಸೈತಾ?”

ಬೇಜಾರಿನಲ್ಲೂ ಭಾನುವಿಗೆ ನಗು ಉಕ್ಕಿತು. ಅಜ್ಜಿಯೂ ನಕ್ಕು, ಸುಡುವ ಟೀಯನ್ನು ಸೊರ್ರೆಂದು ಹೀರಿತು.

ಆಗಲೇ ಭಾನುವಿಗೆ ಅದು ಕಂಡದ್ದು. ಹೀರುವಾಗ ಅಜ್ಜಿಯ ಕೆನ್ನೆಗಳು ಒಳಕ್ಕೆ ಸರಿದವು. ಕಿವಿಯ ಹತ್ತಿರದಿಂದ ಬಾಯಿಯ ತುದಿಯ ಕಡೆಗೆ ಓರೆಯಾಗಿ ಒಂದು ಕುಳಿ. ಎರಡು ಬೆರಳಷ್ಟು ಅಗಲ. ಕಿವಿಯ ಕಡೆ ದಟ್ಟ ನೆರಳು, ಬರಬರುತ್ತಾ ತೆಳು.

ಚಿಕ್ಕವಳಿದ್ದಾಗ ಅಜ್ಜಿ ಈ ಕುಳಿಗಳನ್ನು ತೋರಿಸಿ ಹೇಳುತ್ತಿತ್ತು: “ನಾನು ಕತೆ ಬಚ್ಚಿಡೋದು ಇಲ್ಲೇ ಕಣೇ. ಎಡಗಡೆ ರಾಜರ ಕತೆ, ಬಲಗಡೆ ದೆವ್ವದ ಕತೆ.”

ನೆರಳು ಇಡೀ ಕೆನ್ನೆಗಲ್ಲ, ಕುಳಿಗೆ ಮಾತ್ರ! ನರಿಬಾಲದ ಬ್ರಷ್ಷು ಆ ಕುಳಿಯಲ್ಲಿ ಹಿಡಿಯುವುದಾದರೂ ಹೇಗೆ?

“ಅಜ್ಜಿ, ನಾಳೆ ನಿನ್ ಕನ್ನಡಕ ತರೋಕೆ ತುಮಕೂರಿಗೆ ಹೋಗ್ಬೇಕಲ್ವಾ? ನಾನೂ ಬರ್ತೀನಿ.”

ಮರುದಿನ ಸಂಜೆ ತುಮಕೂರಿನ ಶಿರಾ ಗೇಟ್ ಹತ್ತಿರದ ಫ್ಯಾನ್ಸಿ ಸ್ಟೋರಿನಲ್ಲಿ ಅಂಗಡಿಯ ಉದಯಕುಮಾರ್ ಹನ್ನೆರಡು ಬ್ರಷ್ಷುಗಳ ಸೆಟ್ಟನ್ನೇ ಬಿಚ್ಚಿಟ್ಟರು. ಗುಲಾಬಿ ಹಿಡಿ, ಮೇಲೆ ಚಮಕಿ.

“ಫುಲ್ ಸೆಟ್ ತಗೋ ಪುಟ್ಟಿ. ಎಲ್ಲಾರೂ ಇದನ್ನೇ ಒಯ್ತಾರೆ.”

ಚಮಕಿ ನೋಡಿ ಭಾನುವಿಗೆ ಆಸೆಯಾಯಿತು. ಆದರೂ ತಲೆ ಆಡಿಸಿದಳು. “ಬೇಡ ಅಂಕಲ್. ಒಂದೇ ಒಂದು ಸಾಕು. ಈ ಕೆನ್ನೆಗೆ ಸರಿಹೋಗೋದು.”

ಅವಳ ಬೆರಳು ತೋರಿದ ಕಡೆ ಅಜ್ಜಿ ಸೆರಗು ಹೊದ್ದು ನಿಂತಿತ್ತು.

“ಅಜ್ಜೀಗಾ ಮೇಕಪ್ಪು?” ಉದಯಕುಮಾರ್ ಕಣ್ಣರಳಿಸಿದರು.

“ಯಾಕಪ್ಪ, ನಾನೇನು ಹಚ್ಕೋಬಾರ್ದಾ?” ಎಂದಿತು ಅಜ್ಜಿ.

“ಅಜ್ಜಿ, ಟೀ ಹೀರೋ ಥರ ಮಾಡು.”

ಅಜ್ಜಿ ಅಂಗಡಿಯ ನಡುವೆ ನಿಂತು ಇಲ್ಲದ ಟೀಯನ್ನು ಹೀರಿತು. ಭಾನು ದುಂಡನೆಯ ಬ್ರಷ್ಷು ಇಟ್ಟು ನೋಡಿದಳು. ಕುಳಿಯ ಆಚೆಗೂ ಈಚೆಗೂ ಚೆಲ್ಲಿತು. ಚಪ್ಪಟೆಯದು ಇಟ್ಟಳು.

“ಅಯ್ಯೋ ಬುಡೇ, ಚುಚ್ತದೆ! ತೆಂಗಿನಕಡ್ಡಿ ಪೊರಕೆ ಇದ್ದಂಗೈತೆ.”

ಮೂರನೆಯದಕ್ಕೆ ತುದಿ ಓರೆಯಾಗಿ ಕತ್ತರಿಸಿತ್ತು. ಅಗಲ ಎರಡು ಬೆರಳಷ್ಟು. ಇಟ್ಟ ಕೂಡಲೇ ಅದು ಗೂಡಿನಲ್ಲಿ ಕೂತ ಹಕ್ಕಿಯ ಹಾಗೆ ಕುಳಿಯಲ್ಲಿ ಕೂತುಕೊಂಡಿತು. ಅಜ್ಜಿ ಕಚಗುಳಿ ತಾಳಲಾರದೆ ಕಿಸಕ್ಕೆಂದು ನಕ್ಕಿತು. ಭಾನು ಬ್ರಷ್ಷಿನ ಕೂದಲನ್ನು ಮೆಲ್ಲಗೆ ಜಗ್ಗಿದಳು. ಒಂದೂ ಕಿತ್ತು ಬರಲಿಲ್ಲ.

“ಇದೇ!”

“ಇಪ್ಪತ್ತು ವರ್ಷದಿಂದ ಅಂಗಡಿ ನಡೆಸ್ತಿದೀನಿ,” ಎಂದರು ಉದಯಕುಮಾರ್, “ಕೆನ್ನೇನೇ ಜೊತೆಗೆ ಕರ್ಕೊಂಡ್ ಬಂದು ಬ್ರಷ್ ಕೊಂಡೋಳು ನೀನೇ ಮೊದಲು ನೋಡಮ್ಮ.”

ಗುರುವಾರ. ಮೋನಿಕಾ ಅದೇ ಬೆಂಚಿನ ಮೇಲೆ ಕೂತಳು.

“ಸ್ಟ್ರಾದಲ್ಲಿ ಜ್ಯೂಸ್ ಎಳೀತಿದೀಯ ಅನ್ಕೋ. ಹಾಂ, ಹಂಗೇ ಇರು.”

ಭಾನು ಬ್ರಷ್ಷಿಗೆ ಪುಡಿ ಮುಟ್ಟಿಸಿ, ಹೆಚ್ಚಾದದ್ದನ್ನು ಕೊಡವಿದಳು. ಕಿವಿಯಿಂದ ಶುರುಮಾಡಿ ಕುಳಿಯ ಉದ್ದಕ್ಕೂ ಓರೆಯಾಗಿ ಎಳೆದಳು. ಬೆರಳಿನಿಂದ ಅಂಚನ್ನು ಸವರಿದಳು. ಬಲಗೆನ್ನೆಗೆ ಎರಡು ಸಲ, ಎಡಗೆನ್ನೆಗೆ ಮೂರು ಸಲ. ಯಾಕೆಂದು ಯೋಚಿಸಲಿಲ್ಲ. ಕೈ ತಾನೇ ಹೋಯಿತು.

“ಸಾಕು, ಬಾಯಿ ಬಿಡು.”

ಬಾಯಿ ಬಿಟ್ಟರೂ ಕುಳಿ ಹೋಗಲಿಲ್ಲ! ಮೋನಿಕಾ ಬಿಳಿ ಸೀರೆಯ ಸೆರಗನ್ನು ತಲೆಗೆ ಹೊದ್ದು, ಕೋಲೂರಿಕೊಂಡು ನಡುಗುತ್ತಾ ಎದ್ದಳು. ಯಾರೂ ನಗಲಿಲ್ಲ.

ಅಷ್ಟರಲ್ಲಿ ಒಳಗೆ ಬಂದ ಷಡಕ್ಷರಿ ಮೇಷ್ಟ್ರು ಸರಕ್ಕನೆ ಕುರ್ಚಿ ಎಳೆದರು. “ಬನ್ನಿ ಅಜ್ಜಿ, ಕೂತ್ಕೊಳಿ. ಯಾರ ಮನೆಯವರು ತಾವು?”

“ಸಾರ್, ನಾನು ಮೋನಿಕಾ!”

ಕ್ಲಾಸು ಹೋ ಎಂದು ಕಿರುಚಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ದೀಪಿಕಾ. “ನಂಗೂ ಮಾಡೇ ಭಾನು, ನನ್ ಮಂತ್ರಿ ಪಾತ್ರಕ್ಕೆ! ಪ್ಲೀಸ್ ಕಣೇ!”

ಶನಿವಾರ ಕುಣಿಗಲ್‌ನ ವೇದಿಕೆಯ ಮೇಲೆ ಮುದುಕಿ ರಾಜನ ಕಡೆ ಕೋಲೆತ್ತಿ ಮಾತಾಡಿದಾಗ ಮುಂದಿನ ಸಾಲಿನ ಮಕ್ಕಳು ಬೆಚ್ಚಿ ಹಿಂದಕ್ಕೆ ಸರಿದರು. ಮೊದಲ ಬಹುಮಾನ ಗುಬ್ಬಿಯ ಮಕ್ಕಳಿಗೇ ಬಂತು. ತೀರ್ಪುಗಾರರು ಮೈಕಿನಲ್ಲಿ, ಮುದುಕಿಗೆ ಬಣ್ಣ ಹಚ್ಚಿದವರು ಯಾರೆಂದು ಕೇಳಿ ಭಾನುವನ್ನು ಮೇಲೆ ಕರೆದರು.

“ಎಡಗೆನ್ನೆ ಕುಳಿ ಜಾಸ್ತಿ ಆಳ ಇದೆಯಲ್ಲಮ್ಮ, ಯಾಕೆ?”

ಭಾನುವಿಗೆ ಈಗ ಹೊಳೆಯಿತು. “ನಮ್ಮಜ್ಜೀಗೆ ಎಡಗಡೆ ದವಡೆಹಲ್ಲಿಲ್ಲ ಸಾರ್.”

ಸಭಾಂಗಣವೆಲ್ಲ ನಗು, ಚಪ್ಪಾಳೆ. ಮೂರನೇ ಸಾಲಿನಲ್ಲಿ ಹೊಂಬಾಳಮ್ಮ ಹೊಸ ಕನ್ನಡಕದ ಕೆಳಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿತು.

ಹೊತ್ತು ಇಳಿಯುವಾಗ ಗುಬ್ಬಿಗೆ ಬಸ್ಸು ಹೊರಟಿತು. ಹಿಂದಿನ ಸೀಟುಗಳಲ್ಲಿ ಬಹುಮಾನದ ಕಪ್ ಕೈಯಿಂದ ಕೈಗೆ ಹೋಗುತ್ತಿತ್ತು. ಭಾನು ಅಜ್ಜಿಗೆ ಒರಗಿ ಕೂತಿದ್ದಳು.

“ಅಂತೂ ನಿನ್ ಕಂಟೂರು ಸಿಕ್ತೇನವ್ವ?”

ಕಿಟಕಿಯ ಬಿಸಿಲು ಅಜ್ಜಿಯ ಮುಖಕ್ಕೆ ಓರೆಯಾಗಿ ಬಿದ್ದಿತ್ತು. ದಿನಾ ಕತೆ ಕೇಳುತ್ತಾ ಇದೇ ಮುಖದ ಪಕ್ಕದಲ್ಲಿ ಅವಳು ನಿದ್ದೆಹೋಗುತ್ತಿದ್ದಳು. ಈಗ ಅದರ ಒಂದೊಂದು ಗೆರೆಯೂ ಹೊಸದಾಗಿ ಕಾಣುತ್ತಿತ್ತು.

ಭಾನು ಅಜ್ಜಿಯ ಎಡಗೆನ್ನೆಯ ಕುಳಿಯಲ್ಲಿ ಬೆರಳಿಟ್ಟಳು.

“ಸಿಕ್ತು ಅಜ್ಜಿ. ಇಲ್ಲೇ ಇತ್ತು.”

“ಆ ಕಡೆ ಬೆರಳಿಟ್ಟೆ ಅಂದ್ಮೇಲೆ ರಾಜನ ಕತೇನೇ ಹೇಳ್ಬೇಕು,” ಎಂದು ಅಜ್ಜಿ ಗಂಟಲು ಸರಿಮಾಡಿಕೊಂಡಿತು.