‘ನೋಡೋಣ’ ಅಂದವಳು

"ಯಾರ್ರೀ ಈ ಕೀರ್ತನ? ಗೂಡು ಖಾಲಿ ಬಿಡಿ ಅಂತ ಬರ್ದಿರೋರು?"

ಮುನಿರಾಜ್ ನನ್ನ ಹತ್ತಿರ ಆಡಿದ ಮೊದಲ ಮಾತು ಅದು. ದೇವನಹಳ್ಳಿಯ ನಮ್ಮ ಕಂಪನಿ ಸೇನೆಗೆ ರೇಡಾರ್ ಗಾಡಿ ಮಾಡುತ್ತದೆ. ಗಾಡಿಯ ಒಳಗಿನ ಡ್ರಾಯಿಂಗ್ ಅವನದು. ಇಲ್ಲೇ ಪಕ್ಕದ ಮಧುರೆಯವನು, ಒಂದು ಬೆರಳಗಲ ಜಾಗವನ್ನೂ ದಂಡ ಮಾಡದವನು. ಅಂಥವನಿಗೆ ನಾನು ಯಂತ್ರ ಕೂರಿಸುವ ಗೂಡೊಂದನ್ನು ಮೂರಡಿ ಖಾಲಿ ಬಿಡು ಅಂದಿದ್ದೆ. ಜಗಳ ಆಗದೆ ಇನ್ನೇನಾಗುತ್ತೆ?

"ಅದ್ರಲ್ಲಿ ಏನಿಡ್ತೀರ?"

"ಗೊತ್ತಿಲ್ಲ."

"ಗೊತ್ತಿಲ್ದೇ ಇರೋದಕ್ಕೆ ಮೂರಡಿನಾ?"

"ಗೊತ್ತಿಲ್ದೇ ಇರೋದಕ್ಕೇ ಮೂರಡಿ. ಐದು ವರ್ಷ ಬಿಟ್ಟು ಶತ್ರು ಎಂಥ ಡ್ರೋನ್ ಕಳಿಸ್ತಾನೋ ಯಾರಿಗ್ರೀ ಗೊತ್ತು? ಅವತ್ತು ಹೊಸ ಯಂತ್ರ ಸೇರಿಸೋಕೆ ಜಾಗ ಇಲ್ಲ ಅಂದ್ರೆ ಇಡೀ ಗಾಡೀನೇ ಗುಜರಿಗೆ."

ಕಿವಿಯ ಮೇಲೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಕತ್ತು ಓರೆ ಮಾಡಿ ನನ್ನನ್ನೇ ನೋಡಿದ. ಕಣ್ಣಿನ ಅಂಚಿನಲ್ಲಿ ನಗು ತಡೆದುಕೊಂಡಿದ್ದ.

"ಅಂದ್ರೆ ನಿಮಗೆ ಸಂಬಳ ಕೊಡೋದು ‘ನೋಡೋಣ’ ಅನ್ನೋದಕ್ಕೆ!"

ನಕ್ಕುಬಿಟ್ಟೆ. ಈಗಲೇ ತೀರ್ಮಾನ ಮಾಡದೆ ಬಾಗಿಲು ತೆರೆದಿಟ್ಟರೆ ಅದಕ್ಕೆಷ್ಟು ಬೆಲೆ ಅಂತ ಲೆಕ್ಕ ಹಾಕುವುದೇ ನನ್ನ ಕೆಲಸ. ಅದನ್ನು ಅಷ್ಟು ಚೆನ್ನಾಗಿ ನನ್ನ ಬಾಸ್ ಕೂಡ ಹೇಳಿರಲಿಲ್ಲ.

ಆಮೇಲೆ ಕ್ಯಾಂಟೀನಿನಲ್ಲಿ ದಿನಾ "ನೋಡೋಣ ಮೇಡಂ" ಅಂತಲೇ ಕರೆದ. ಮೇಡಂ ಹೋಗಿ ಕೀರ್ತನ ಆದೆ, ನೀವು ಹೋಗಿ ನೀನು ಆದೆ. ಅವನ ಡಬ್ಬಿಯ ಅವರೆಕಾಳು ಉಪ್ಪಿಟ್ಟಿನಲ್ಲಿ ಅರ್ಧ ನನ್ನದಾಯಿತು.

ಅದೇ ಅವರೆಕಾಯಿ ಕಾಲದ ಒಂದು ಭಾನುವಾರ ಮಾಕಳಿದುರ್ಗ ಹತ್ತಿದ್ದೆವು. ಇಳಿಯುವಾಗ ಕೈ ಹಿಡಿದವನು ಬಂಡೆಗಳು ಮುಗಿದರೂ ಬಿಡಲಿಲ್ಲ.

"ಕೀರ್ತನ, ಅಮ್ಮನ ಹತ್ರ ಮಾತಾಡ್ಲಾ? ನಮ್ ವಿಷಯ?"

ಎದೆ ಕುಣಿಯುತ್ತಿತ್ತು. ಆದರೂ ಬಾಯಿಗೆ ಬಂದದ್ದು ರೂಢಿಯ ಮಾತು.

"ನೋಡೋಣ ಕಣೋ."

ನನ್ನ ಪ್ರಕಾರ ಅದರರ್ಥ ‘ಹೂಂ, ಸ್ವಲ್ಪ ತಾಳು’ ಅಂತ. ಪುಣೆಯ ಪ್ರಾಜೆಕ್ಟಿಗೆ ನನ್ನನ್ನು ಕಳಿಸುತ್ತಾರೋ ಇಲ್ಲವೋ ಗೊತ್ತಾಗಲಿ, ಆಮೇಲೆ ಮನೆಯಲ್ಲಿ ಹೇಳೋಣ ಅಂತಿದ್ದೆ. ಅವನು "ಆಯ್ತು ಬಿಡು" ಅಂದ. ಅವನ ಕೈ ಸಡಿಲವಾಯಿತು. ದಾರಿ ಸಮವಾಯಿತಲ್ಲ, ಅದಕ್ಕೆ ಬಿಟ್ಟ ಅಂದುಕೊಂಡೆ.

ಅವನು ಮತ್ತೆ ಕೇಳಲಿಲ್ಲ. ಬಾಗಿಲು ತೆರೆದೇ ಇದೆಯಲ್ಲ ಅಂತ ನಾನೂ ನಿಶ್ಚಿಂತೆಯಾಗಿದ್ದೆ, ದಡ್ಡಿ.

ಏಪ್ರಿಲ್‌ನಲ್ಲಿ ಡಿಸೈನ್ ಫ್ರೀಜ್ ಆಯಿತು. ಇನ್ನು ಡ್ರಾಯಿಂಗಿನಲ್ಲಿ ಒಂದು ಗೆರೆಯೂ ಬದಲಾಗುವಂತಿಲ್ಲ. ನನ್ನ ಖಾಲಿ ಗೂಡು ಪಾಸಾಗಿತ್ತು, ಪುಣೆ ತಪ್ಪಿಹೋಗಿತ್ತು. ಇವತ್ತು ಹೇಳಿಯೇಬಿಡುತ್ತೇನೆ ಅಂತ ಅವನ ಟೇಬಲ್ಲಿಗೆ ಓಡಿದೆ.

ಟೇಬಲ್ ಮೇಲೆ ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳ ಕಟ್ಟಿತ್ತು. ಹುಡುಗಿ ಸಮೇತನಹಳ್ಳಿಯವಳು, ಹೆಸರು ಅಕ್ಷತ.

"ನಾನು ಬೇಡ ಅಂದಿರ್ಲಿಲ್ಲ ಕಣೋ," ಅಂದೆ.

"ನೋಡೋಣ ಅಂದೆ." ಅವನು ತಲೆ ಎತ್ತಲಿಲ್ಲ. "ಹೆಣ್ ನೋಡೋಕ್ ಹೋದಾಗ ಇಷ್ಟ ಇಲ್ದೋರು ಮುಖಕ್ಕೆ ಹೊಡ್ದಂಗೆ ಬೇಡ ಅಂತಾರಾ? ಕಾಫಿ ಕೊಟ್ಟು, ನೋಡೋಣ ಅಂತಾರೆ. ನಮ್ ಕಡೆ ಮರ್ಯಾದೆಯಾಗಿ ಬೇಡ ಅನ್ನೋದೇ ಹಂಗೆ. ಇನ್ನೊಂದ್ಸಲ ಕೇಳಿ ನಿಂಗೆ ಮುಜುಗರ ಮಾಡ್ಬಾರ್ದು ಅಂತ ಸುಮ್ನಾದೆ."

"ಈಗ ನಿಲ್ಸೋಕಾಗಲ್ವಾ?"

"ಚಪ್ಪರಕ್ಕೆ ಹೇಳಾಗಿದೆ. ಆ ಹುಡುಗಿ ಏನ್ ತಪ್ಪು ಮಾಡಿದಾಳೆ, ಹೇಳು?"

ಫ್ರೀಜ್ ಆಗುವ ಮುಂಚೆ ಬಿಟ್ಟ ಜಾಗಕ್ಕೆ ಮಾತ್ರ ಬೆಲೆ ಅಂತ ಆ ಗೂಡಿನ ವರದಿಯ ಕೊನೇ ಪುಟದಲ್ಲಿ ನಾನೇ ಬರೆದಿದ್ದೆ.

ಕಿವಿಯಿಂದ ಪೆನ್ಸಿಲ್ ತೆಗೆದು ಒಂದು ಪತ್ರಿಕೆಯ ಮೇಲೆ ನನ್ನ ಹೆಸರು ಬರೆದ. ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

"ಮದ್ವೆಗೆ ಬರ್ತೀರಾ?"

ನಾನು ಮತ್ತೆ ನೀವು ಆಗಿದ್ದೆ.

"ನೋಡೋಣ," ಅಂದೆ.

ಅವನು ನಿಧಾನವಾಗಿ ತಲೆಯಾಡಿಸಿದ. ಈ ಸಲ ಇಬ್ಬರಿಗೂ ಅದರ ಅರ್ಥ ಒಂದೇ ಆಗಿತ್ತು.