ಅಪ್ಪನ ಪಾತ್ರ

“ಹಾಗಲ್ಲ ನಾಗಭೂಷಣ! ಜೋರಾಗಿ ಗದರಿಸಿ. ಈಗ ನೀವು ನಮ್ಮಪ್ಪ.”

ಅವನು ತಲೆ ಕೆರೆದುಕೊಂಡ. “ಊಟ ಮಾಡ್ದೇನವ್ವ?” ಎಂದ, ಮತ್ತೆ ಅದೇ ಮೆತ್ತನೆ ದನಿಯಲ್ಲಿ.

ನನಗೆ ಮೈಯೆಲ್ಲ ಉರಿಯಿತು. “ಅಪ್ಪಂದಿರು ಹೀಗೆ ಮಾತಾಡ್ತಾರಾ?”

“ನಮ್ಮಪ್ಪ ಹಿಂಗೇ. ಗದರೋದು ಕುರಿಗಳ್ನ ಮಾತ್ರ.”

ನಗು ತಡೆದುಕೊಂಡೆ. ಅವನು ಕಣ್ಣಂಚಿನಲ್ಲಿ ನೋಡಿಬಿಟ್ಟ. ಹಾಳಾದವನು.

ಅದು ೨೦೦೬. ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಹೊಸ ಅಧ್ಯಾಪಕರಿಗೆ ನಾಯಕತ್ವ ತರಬೇತಿ ನಡೆಯುತ್ತಿತ್ತು. ಆ ವಾರದ ಪಾಠ: ಆಡಲು ಹೆದರುವ ಮಾತೊಂದನ್ನು ಜೊತೆಗಾರರೊಡನೆ ಅಭ್ಯಾಸ ಮಾಡಿ, ತರಗತಿಯಲ್ಲಿ ಆಡಿ ತೋರಿಸುವುದು. ಕಾಲೇಜಿಗೆ ಸೇರಿದ ಕೊಂಡ್ಲಹಳ್ಳಿ ಆಸ್ಪತ್ರೆಯಲ್ಲಿ ನನಗೂ ನಾಗಭೂಷಣನಿಗೂ ಕೆಲಸ ಹಾಕಿದ್ದರು. ಬೇವಿನ ಮರದಡಿ ಕೂತು ಅಭ್ಯಾಸ ಮಾಡುತ್ತಿದ್ದೆವು.

ನನ್ನ ಮಾತು ಒಂದೇ: ‘ಈ ಮದುವೆ ಬೇಡಪ್ಪ.’ ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಭಾನುವಾರ ತಾಂಬೂಲ ಬದಲಾಯಿಸಲು ಬರುವವರಿದ್ದರು.

“ಯಾಕೆ ಬೇಡ ಅಂತ ಕೇಳಿದ್ರೆ?” ಎಂದ ನಾಗಭೂಷಣ.

“ಅದು ನಿಮಗ್ಯಾಕೆ?”

“ಅಪ್ಪ ಆಗಿ ಕೇಳ್ತಿದೀನಿ.” ನಗುತ್ತಲೇ ಅಂದವನು ಥಟ್ಟನೆ ಕೊರಳಲ್ಲಿದ್ದ ಸ್ಟೆತಸ್ಕೋಪ್ ತೆಗೆದು ಒರೆಸತೊಡಗಿದ. ಅವನ ಕಿವಿ ಕೆಂಪಾಗಿತ್ತು.

ಹೇಗೆ ಹೇಳಲಿ? ಕಾರಣ ಎದುರಿಗೇ ಕೂತಿತ್ತು. ಗೌರಸಮುದ್ರದ ಕುರಿ ಸಾಕುವವರ ಮನೆಯ ಹುಡುಗ, ನಮ್ಮ ಜಾತಿಯವನಲ್ಲ. ಅವನ ಮನಸ್ಸಿನಲ್ಲಿ ಏನಿದೆಯೋ, ಅದೂ ಗೊತ್ತಿಲ್ಲ.

ತರಗತಿಯಲ್ಲಿ ಮಾತ್ರ ನಾನು ಹುಲಿ. ಅಪ್ಪನಾಗಿ ಕೊನೆಗೂ ಗದರಿದ ನಾಗಭೂಷಣನಿಗೆ ಕೊಟ್ಟ ಉತ್ತರಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಶನಿವಾರ ನಮ್ಮಪ್ಪ, ಮುರುಗೇಂದ್ರಪ್ಪನವರು, ನನ್ನನ್ನು ಕರೆದೊಯ್ಯಲು ಆಸ್ಪತ್ರೆಗೇ ಬಂದರು. ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಬುತ್ತಿ. ಬೇವಿನ ಮರದಡಿ ಕೂತು ಬೆವರು ಒರೆಸಿಕೊಂಡು ಕೇಳಿದರು:

“ಊಟ ಮಾಡ್ದೇನವ್ವ?”

ನಾಗಭೂಷಣ ನನ್ನ ಮುಖ ನೋಡಿದ.

“ನಾಳೆ ಅವ್ರು ಬರ್ತಾರೆ. ಒಂದ್ ವಾರದಿಂದ ಫೋನಿನಾಗೆ ನಿನ್ ದನಿ ಸರಿ ಇಲ್ಲ. ಬೇಡ ಅನ್ನಂಗಿದ್ರೆ ಈಗ್ಲೇ ಹೇಳವ್ವ. ಅವ್ರ ಮನೆಗೋಗಿ ಕೈ ಮುಗೀತೀನಿ.”

ಅಯ್ಯೋ, ಗದರಿದ್ದರೆ ಉತ್ತರ ಬಾಯಿಪಾಠವಿತ್ತು! ಮಾತು ಕೊಟ್ಟವರ ಮುಂದೆ ಈ ವಯಸ್ಸಿನಲ್ಲಿ ಅಪ್ಪ ಕೈ ಮುಗಿಯುವುದೇ? ಹೂಂ ಅನ್ನಲಾರೆ, ಊಹೂಂ ಅನ್ನಲಾರೆ. ಸುಮ್ಮನೆ ಅತ್ತುಬಿಟ್ಟೆ.

ಅಪ್ಪ ಕಂಗಾಲಾಗಿ ಅವನತ್ತ ತಿರುಗಿದರು. “ಡಾಕ್ಟ್ರೇ, ಜೊತೇಲಿ ಕೆಲ್ಸ ಮಾಡೋರು. ನೀವೇ ಇವಳಿಗೊಂದು ಬುದ್ಧಿ ಹೇಳ್ರಿ.”

“ನಾನು ಹೇಳಬಾರ್ದು ರೀ.”

“ಯಾಕೆ?”

“ನಾನ್ ಏನ್ ಹೇಳಿದ್ರೂ ನನ್ನಾಸೇನೇ ಹೇಳ್ದಂಗಾಗ್ತೈತೆ.” ಅವನು ಎದ್ದು ನಿಂತ. “ಇವರು ನನಗೆ ಬೇಕು ರೀ.”

ಅಪ್ಪ ಬುತ್ತಿಯ ಗಂಟು ಬಿಗಿ ಮಾಡಿ ನನ್ನತ್ತ ತಿರುಗಿದರು. “ನಿಂಗೂ ಹಂಗೇ ಏನವ್ವ?”

ತಲೆಯಾಡಿಸಿದೆ. ಅಷ್ಟೇ ನನ್ನಿಂದಾದದ್ದು.

“ನಾಳೆ ಅವ್ರಿಗೆ ಏನಂತ ಹೇಳ್ಲಿ?”

“ಗೊತ್ತಿಲ್ಲಪ್ಪ.”

“ನಾನೂ ಜೊತೆಗೆ ಬರ್ತೀನ್ರಿ,” ಎಂದ ನಾಗಭೂಷಣ.

“ಬಂದು ಏನ್ ಮಾಡ್ತೀರಾ?”

“ಗೊತ್ತಿಲ್ರಿ.”

ಅಪ್ಪ ನಿಟ್ಟುಸಿರು ಬಿಟ್ಟು ಬುತ್ತಿ ಬಿಚ್ಚಿದರು. ಕಣ್ಣು ತುಂಬಿತ್ತು, ನಮ್ಮ ಕಡೆ ನೋಡಲಿಲ್ಲ.

“ಒಪ್ಪಿದೀನಿ ಅನ್ಕಬ್ಯಾಡ್ರಿ,” ಎಂದು ರೊಟ್ಟಿ ಮುಂದಕ್ಕೆ ಸರಿಸಿದರು. “ಮೊದ್ಲು ಊಟ ಮಾಡ್ರಿ, ಇಬ್ರೂ.”